ಕಾಶಿಯ ಗಲ್ಲಿಯ ದಿನಸಿ ಅಂಗಡಿ

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿಯೇ ಬಿಟ್ಟು ಬರಬೇಕೆಂಬ ರೂಢಿ ನಮ್ಮ ಹಿರಿಯರಲ್ಲಿದೆ. ಹಾಗಲಕಾಯಿಯನ್ನು ಬಿಟ್ಟು ಬಂದು ಜಾಣರೆನಿಸಿಕೊಂಡವರೂ ಉಂಟು. ಈಗಲಾದರೋ ಕಾಶಿಯೇ ತನಗೆ ಬೇಕಾದುದೊಂದನ್ನು ಬಿಡುತ್ತಿರುವಂತೆ ತೋರುತ್ತದೆ. ಅದು ಗಲ್ಲಿಯ ತಿರುವಿನ ಸಣ್ಣ ದಿನಸಿ ಅಂಗಡಿ.

ಕಾಶಿಯ ಗಲ್ಲಿಗಳು ಎಷ್ಟು ಕಿರಿದೆಂದರೆ, ಹಲವೆಡೆ ಎದುರಿನಿಂದ ಹಸು ಬಂದರೆ ಮನುಷ್ಯನು ಗೋಡೆಗೆ ಒತ್ತಿ ನಿಲ್ಲಬೇಕು. ಅಲ್ಲಿ ವಾಹನಗಳು ಸುಲಭವಾಗಿ ಬರಲಾರವು. ಆದುದರಿಂದ ಬೇಳೆ, ಹಿಟ್ಟು, ಸಾಸಿವೆಯೆಣ್ಣೆಗಳು ನಡಿಗೆಯ ದೂರದಲ್ಲಿಯೇ ದೊರೆಯಬೇಕು. ಕಡೆಗಾಲವನ್ನು ಗಂಗಾತೀರದಲ್ಲಿ ಕಳೆಯಲೆಂದು ಬಂದ ವೃದ್ಧರಿಗೂ ವಿಧವೆಯರಿಗೂ ದಿನಗೂಲಿಯವರಿಗೂ ಕಾಲು ಸೇರು ಬೇಳೆಯನ್ನು ಬೇಸರಿಸದೆ ತೂಗಿಕೊಡುವ, ಹಣವಿಲ್ಲದ ದಿನ ಪುಸ್ತಕದಲ್ಲಿ ಬರೆದುಕೊಳ್ಳುವ ಅಂಗಡಿಯೇ ಆಧಾರ.

ವಿಶ್ವನಾಥ ದೇವಾಲಯದಿಂದ ಗಂಗೆಯವರೆಗಿನ ವಿಶಾಲ ಪಥಕ್ಕೆ 2019ರ ಮಾರ್ಚಿಯಲ್ಲಿ ಅಡಿಗಲ್ಲು ಬಿದ್ದಿತು; 2021ರ ಡಿಸೆಂಬರ್ 13ರಂದು ಅದರ ಉದ್ಘಾಟನೆಯಾಯಿತು. ಸುಮಾರು 3,000 ಚದರಡಿಯಷ್ಟಿದ್ದ ಆವರಣ ಸುಮಾರು 5 ಲಕ್ಷ ಚದರಡಿಗೆ ಹಿಗ್ಗಿತು. ಅದಕ್ಕಾಗಿ 300ಕ್ಕೂ ಹೆಚ್ಚು ಆಸ್ತಿಗಳನ್ನು ಸರಕಾರ ಪಡೆದುಕೊಂಡಿತು. ಲಾಹೋರಿ ಟೋಲಾದಂತಹ ಹಳೆಯ ಕೇರಿ ಕಣ್ಮರೆಯಾಯಿತು. ಸುಮಾರು 1,400 ಮಂದಿ ಅಂಗಡಿಕಾರರಿಗೂ ಬಾಡಿಗೆದಾರರಿಗೂ ಮನೆಯೊಡೆಯರಿಗೂ ಪುನರ್ವಸತಿ ಕಲ್ಪಿಸಲಾಯಿತೆಂದು ಸರಕಾರ ಹೇಳಿದೆ. ಮನೆಗಳ ನಡುವೆ ಮರೆಯಾಗಿದ್ದ 40ಕ್ಕೂ ಹೆಚ್ಚು ಗುಡಿಗಳು ಬೆಳಕಿಗೆ ಬಂದವು. ನೂಕುನುಗ್ಗಲಲ್ಲಿ ಬಳಲುತ್ತಿದ್ದ ಮುದುಕರಿಗೆ ಅನುಕೂಲವಾದುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಕೆಡವಿದ ಮನೆಗಳ ಲೆಕ್ಕವಷ್ಟೇ ಪೂರ್ಣ ಲೆಕ್ಕವಲ್ಲ. ಯಾತ್ರಿಕರು ಹೆಚ್ಚಿದಂತೆ ಸುತ್ತಲಿನ ನೆಲದ ಬೆಲೆ ಏರುತ್ತದೆ, ವಾಸದ ಮನೆ ಅತಿಥಿಗೃಹವಾಗುತ್ತದೆ. ನಿತ್ಯ ಬೇಳೆ ಕೊಳ್ಳುತ್ತಿದ್ದ ಸಂಸಾರ ಊರ ಹೊರಗೆ ಹೋಗುತ್ತದೆ. ಅದರ ಸ್ಥಾನದಲ್ಲಿ ಎರಡು ದಿನ ತಂಗುವ ಅತಿಥಿ ಬರುತ್ತಾನೆ. ಅವನಿಗೆ ಬೇಕಾದುದು ನೀರಿನ ಸೀಸೆ, ಬಿಸ್ಕತ್ತು, ನೆನಪಿನ ವಸ್ತು. ಹಿಟ್ಟಿನ ಮೂಟೆಯ ಜಾಗದಲ್ಲಿ ತಂಪು ಪೆಟ್ಟಿಗೆ ಬರುತ್ತದೆ, ಸಾಲದ ಪುಸ್ತಕ ಮುಚ್ಚುತ್ತದೆ. ಅಂಗಡಿಯನ್ನು ಯಾರೂ ಕೆಡವಲಿಲ್ಲ. ಆದರೂ ಆ ಅಂಗಡಿ ಉಳಿಯಲಿಲ್ಲ.

ಹೀಗೆ ಉಳ್ಳವರು ಬಂದಂತೆ ಇಲ್ಲದವರು ಸ್ಥಳ ಬಿಡುವ ಕ್ರಮಕ್ಕೆ ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿಯೇ ಒಂದು ಹೆಸರನ್ನಿಟ್ಟರು. ಲಂಡನ್ನಿನಲ್ಲಿ ಬಂದವರು ನೆಲೆಸಲು ಬಂದರು. ಕಾಶಿಯಲ್ಲಿ ಬರುವವರು ಹೋಗಲೆಂದೇ ಬರುತ್ತಾರೆ. ಆದುದರಿಂದ ಇಲ್ಲಿ ನೆರೆಹೊರೆಯೇ ಕರಗಿಹೋಗುವ ಭಯವಿದೆ.

ಅಂಗಡಿಯವನು ಲಾಭವನ್ನು ನೋಡುವುದು ತಪ್ಪೇ ಎಂದು ಕೆಲವರು ಕೇಳಬಹುದು. ತಪ್ಪಲ್ಲ, ಅವನಿಗೂ ಮಕ್ಕಳುಂಟು. ಬಾಡಿಗೆಯವನಾದರೆ ಅವನ ಕಷ್ಟ ಇನ್ನೂ ಹೆಚ್ಚು. ಉತ್ತರ ಪ್ರದೇಶದಲ್ಲಿ 1972ರ ಬಾಡಿಗೆ ನಿಯಂತ್ರಣ ಶಾಸನದ ಬದಲಿಗೆ 2021ರಲ್ಲಿ ಹೊಸ ಶಾಸನ ಬಂದಿತು; ಅದು ಲಿಖಿತ ಕರಾರನ್ನು ಕೇಳುತ್ತದೆ. ಬಾಯಿಮಾತಿನ ನಂಬಿಕೆಯ ಮೇಲೆ ತಲೆಮಾರುಗಳಿಂದ ಕುಳಿತವನು ಯಾವ ಕಾಗದವನ್ನು ತೋರಿಸಿಯಾನು? ನಮ್ಮ ದೂರು ಅಂಗಡಿಯವನ ಮೇಲಲ್ಲ, ಲೆಕ್ಕದ ಮೇಲೆ. ಪರಿಹಾರದ ಪಟ್ಟಿಯಲ್ಲಿ ಒಡೆಯನಿಗೆ ಸ್ಥಾನವುಂಟು, ಬಾಡಿಗೆದಾರನಿಗೂ ಉಂಟು. ಕಾಲು ಸೇರು ಬೇಳೆ ಕೊಳ್ಳುವ ಮುದುಕಿಗೆ ಮಾತ್ರ ಇಲ್ಲ. ಹೊಸದಾಗಿ ಕಟ್ಟುವೆಡೆಗಳಲ್ಲಿ ನಿತ್ಯದ ಸಾಮಾನಿನ ಅಂಗಡಿಗಳಿಗೆಂದು ಕೆಲವು ಕೋಣೆಗಳನ್ನು ಸುಲಭ ಬಾಡಿಗೆಗೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ.

ಕಾಶಿ ದೂರವೆಂದು ನಾವು ಸುಮ್ಮನಿರಬೇಕಾಗಿಲ್ಲ. ನಮ್ಮ ಮಲ್ಲೇಶ್ವರ, ಬಸವನಗುಡಿಗಳಲ್ಲಿಯೂ ಹಳೆಯ ಮನೆಗಳು ಉರುಳಿ ಮಹಡಿಗಳು ಏಳುತ್ತಿವೆ; ದೂರವಾಣಿಯಲ್ಲಿ ಬೆರಳಾಡಿಸಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಹಾಗೆ ತರಿಸುವವರ ಮನೆಗಳಲ್ಲಿ ನಮ್ಮ ಮನೆಗಳೂ ಸೇರಿವೆ. ವಿದ್ಯಾರ್ಥಿಮಿತ್ರರೇ, ಈ ರಜೆಯಲ್ಲಿ ನಿಮ್ಮ ಬೀದಿಯ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು, ಅಲ್ಲಿಗೆ ಬರುವವರು ಯಾರು, ಎಷ್ಟು ಕೊಳ್ಳುತ್ತಾರೆ ಎಂಬುದನ್ನು ಬರೆದುಕೊಳ್ಳಿರಿ. ಆ ಅಂಗಡಿ ಮುಚ್ಚಿದರೆ ಅವರಲ್ಲಿ ಯಾರಿಗೆ ಬೇರೆ ದಾರಿಯಿಲ್ಲವೆಂಬುದು ಆಗ ತಿಳಿಯುತ್ತದೆ. ಪ್ರಿಯವಾದುದನ್ನು ತಿಳಿದು ಬಿಡುವುದು ವ್ರತ. ತಿಳಿಯದೆ ಬಿಡುವುದು ನಷ್ಟ.