ಕಣಕ್ಕೆ ಹಸಿರು ಮುದ್ರೆ, ಘಟ್ಟದ ಮರಕ್ಕೆ ಕೊಡಲಿ

ಕ್ಯಾನ್ಸರಿನ ಮದ್ದನ್ನು ಹೊತ್ತೊಯ್ಯುವ ನ್ಯಾನೊ ಕಣಗಳ ಸಂಶೋಧನೆ ಇಂದು ಮೈಸೂರಿನ ಪ್ರಯೋಗಶಾಲೆಗಳಲ್ಲೂ ನಡೆಯುತ್ತಿದೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರ್. ಸುಮಾರು 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಯಲ್ಲಿ ಮದ್ದು ತುಂಬಿದರೆ, ಗಡ್ಡೆಯ ಸೋರುವ ರಕ್ತನಾಳಗಳ ಮೂಲಕ ಅದು ಒಳಸೇರುತ್ತದೆ, ಉಳಿದ ಅಂಗಗಳಿಗೆ ವಿಷಬಾಧೆ ತಗ್ಗುತ್ತದೆ ಎಂಬುದು ತರ್ಕ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ ಹೃದಯಕ್ಕಾಗುವ ಹಾನಿಯನ್ನು ತಗ್ಗಿಸಿದ್ದು ನಿಜ. ಅದನ್ನು ಅಲ್ಲಗಳೆಯುವುದು ಅವಿವೇಕ.

ಆದರೆ ಪ್ರಚಾರವೇ ಬೇರೆ, ಪ್ರಮಾಣವೇ ಬೇರೆ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಟೊರಾಂಟೊದ ವಿಜ್ಞಾನಿಗಳು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಗಡ್ಡೆಯನ್ನು ಮುಟ್ಟಿದ ಕಣಗಳ ಮಧ್ಯಾಂಕ ಪ್ರಮಾಣ ಶೇ. 0.7 ಮಾತ್ರ! ಹೀಗಿರುವಾಗ ಗಾಜಿನ ತಟ್ಟೆಯಲ್ಲಿ ಜೀವಕೋಶ ಸತ್ತೊಡನೆ ‘ಕ್ಯಾನ್ಸರಿಗೆ ಮದ್ದು’ ಎಂದು ಸಾರುವುದು ರೋಗಿಗೆ ಬಗೆಯುವ ದ್ರೋಹವಲ್ಲವೆ? ಎಲೆಯ ರಸದಿಂದ ತಯಾರಿಸಿದ ಮಾತ್ರಕ್ಕೆ ಬೆಳ್ಳಿಯ ಕಣ ‘ಹಸಿರು’ ಆಗುವುದಿಲ್ಲ. ಹೊಳೆಗೆ ಸೇರಿದರೆ ಅದು ಜಲಚರಗಳಿಗೂ ಸೂಕ್ಷ್ಮಜೀವಿಗಳಿಗೂ ಮಾರಕವೇ.

ಇನ್ನು ಕಣದೊಳಗಿನ ಮದ್ದು ಎಲ್ಲಿಯದು? 1966ರಲ್ಲಿ ವಾಲ್ ಮತ್ತು ವಾಣಿ ಎಂಬ ವಿಜ್ಞಾನಿಗಳು ಚೀನಾದ ಮರವೊಂದರಲ್ಲಿ ಕ್ಯಾಂಪ್ಟೊಥೆಸಿನ್ ಕಂಡುಹಿಡಿದರು. 1972ರಲ್ಲಿ ಅದೇ ವಸ್ತು ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿ, ಮರಾಠಿಗರ ನರ್ಕ್ಯಾದಲ್ಲಿ, ದೊರೆಯಿತು. ಅದರಿಂದ ಹುಟ್ಟಿದ ಇರಿನೊಟೆಕಾನ್ ಮದ್ದು ಕೊಬ್ಬಿನ ಗುಳ್ಳೆಯೇರಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆಂದು 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇತ್ತ ಘಟ್ಟದಲ್ಲಿ ತೊಗಟೆಗೂ ಬೇರಿಗೂ ಮರವನ್ನೇ ಕೆಡವಲಾಯಿತು. ಚಕ್ಕೆ ಹೊರದೇಶಕ್ಕೆ ಹೋಯಿತು; ಊರಿಗೆ ಉಳಿದುದು ಬುಡದ ಗುಂಡಿ.

2002ರ ಜೀವವೈವಿಧ್ಯ ಕಾಯಿದೆ ಪಂಚಾಯತಿಗೊಂದು ನಿರ್ವಹಣಾ ಸಮಿತಿಯನ್ನೂ ಲಾಭದಲ್ಲಿ ಪಾಲಿನ ಹಕ್ಕನ್ನೂ ಕೊಟ್ಟಿತು. 2023ರ ತಿದ್ದುಪಡಿ ಜೈಲು ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ಕೋಟಿಗಳ ವಹಿವಾಟಿಗೆ ದಂಡವೆಂದರೆ ವ್ಯಾಪಾರದ ಖರ್ಚು, ಅಷ್ಟೆ.

ಆದುದರಿಂದ ಹಳ್ಳಿಗರು ಮೊದಲು ತಮ್ಮ ಸಮಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಈ ಮರವನ್ನು ಬರೆಸಬೇಕು. ಬೀಜ ಸಂಗ್ರಹಿಸಿ ಸಸಿ ಬೆಳೆಸಬೇಕು. ಮೈಸೂರಿನಲ್ಲಿ ಓದುತ್ತಿರುವ ಮಲೆನಾಡಿನ ಮಕ್ಕಳು ತಮ್ಮ ಪ್ರಯೋಗಶಾಲೆಯಲ್ಲಿ ಎರಡೇ ಪ್ರಶ್ನೆ ಕೇಳಲಿ: ಈ ಗಿಡ ಯಾವ ಕಾಡಿನದು? ಯಾರ ಒಪ್ಪಿಗೆಯಿಂದ ಬಂತು?

ಘಟ್ಟದ ರೋಗಿ ಇಂದಿಗೂ ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಸರದಿಯಲ್ಲಿ ನಿಲ್ಲುತ್ತಾನೆ. ಮರ ಕೊಟ್ಟ ನಾಡಿಗೆ ಮದ್ದು ಕೈಗೆಟುಕದಿದ್ದರೆ, ಕಣ ಎಷ್ಟು ಚಿಕ್ಕದಾದರೇನು?