ಮೋಟರ್ ಎತ್ತಿದವರೇ ಬೋರಿನ ಬಾಯಿ ಮುಚ್ಚಲಿ

ನಮ್ಮ ಬಯಲುಸೀಮೆಯಲ್ಲಿ ಕೊಳವೆಬಾವಿಯ ಮಾತು ಬಂದರೆ ಎಲ್ಲರ ಕಣ್ಣೂ ಕೊರೆಯುವ ಲಾರಿಯ ಮೇಲೆ. ಎಷ್ಟು ಅಡಿ ಹೋಯಿತು, ಎಷ್ಟು ಇಂಚು ನೀರು ಬಿತ್ತು, ಅಡಿಗೆ ಏನು ರೇಟು ಎಂಬುದೇ ಚರ್ಚೆ. ಆದರೆ ಕೊರೆಯುವ ಲಾರಿ ಒಂದು ಬಾವಿಗೆ ಬರುವುದು ಸಾಮಾನ್ಯವಾಗಿ ಒಂದೇ ಸಲ. ಆಮೇಲೆ ಅದೇ ಬಾವಿಗೆ ಮತ್ತೆ ಮತ್ತೆ ಬರುವುದು ಮೋಟರ್ ಎತ್ತುವ ಗಾಡಿ. ಕೊರೆಯುವವರಿಗೆ ನೋಂದಣಿ ಇದೆ, ನಿಯಮ ಇದೆ. ಎತ್ತುವವರನ್ನು ಕೇಳುವವರೇ ಇಲ್ಲ. ತೆರೆದ ಕೊಳವೆಬಾವಿಗಳ ಅನಾಹುತ ತಪ್ಪಬೇಕಾದರೆ ಈ ಎತ್ತುವ ಗಾಡಿಯಿಂದಲೇ ಕೆಲಸ ಶುರುವಾಗಬೇಕು ಎಂಬುದು ನಮ್ಮ ವಾದ.

ಈ ಕೆಲಸ ಹೇಗೆ ನಡೆಯುತ್ತದೆ ಎಂದು ಮೊದಲು ನೋಡೋಣ. ಸಬ್‌ಮರ್ಸಿಬಲ್ ಮೋಟರು ಬಾವಿಯೊಳಗೆ ಪೈಪಿನ ತುದಿಯಲ್ಲಿ ನೇತಾಡುತ್ತಿರುತ್ತದೆ. ಒಂದೊಂದು ಕಬ್ಬಿಣದ ಪೈಪು 20 ಅಡಿ. 600 ಅಡಿಗೆ ಮೋಟರ್ ಬಿಟ್ಟಿದ್ದರೆ 30 ಪೈಪು. ಎರಡು ಇಂಚಿನ ಜಿಐ ಪೈಪು ಒಂದೊಂದು ಸುಮಾರು 30 ಕೆ.ಜಿ. ತೂಗುತ್ತದೆ. ಮೋಟರು, ಕೇಬಲ್ಲು, ಪೈಪಿನೊಳಗೆ ನಿಂತ ನೀರು ಎಲ್ಲ ಸೇರಿದರೆ ಭಾರ ಒಂದು ಟನ್ ದಾಟುತ್ತದೆ.

ಹಿಂದೆ ಇದನ್ನು ಎತ್ತುತ್ತಿದ್ದುದು ಮೂರು ಕಂಬದ ಮುಕ್ಕಾಲಿ ನಿಲ್ಲಿಸಿ, ಅದಕ್ಕೆ ಚೈನ್ ಪುಲ್ಲಿ ಕಟ್ಟಿ. ನಾಲ್ಕೈದು ಜನ ಸರಪಳಿ ಎಳೆಯುತ್ತ ದಿನಗಟ್ಟಲೆ ಬೆವರು ಸುರಿಸಬೇಕಿತ್ತು. ಈಗ ಟ್ರ್ಯಾಕ್ಟರಿಗೋ ಸಣ್ಣ ಲಾರಿಗೋ ಕೂರಿಸಿದ ಯಂತ್ರ ಬಂದಿದೆ. ಎತ್ತರದ ಕಂಬ, ಅದರ ತುದಿಯಲ್ಲಿ ರಾಟೆ, ಕೆಳಗೆ ಉಕ್ಕಿನ ಹಗ್ಗ ಸುತ್ತುವ ಉರುಳೆ. ಎಂಜಿನ್ ಶಕ್ತಿಯಿಂದ ಉರುಳೆ ತಿರುಗಿದಂತೆ ಪೈಪು ಮೇಲೆ ಬರುತ್ತದೆ. ಒಂದು ಪೈಪು ಮೇಲೆ ಬಂದ ಕೂಡಲೇ ಅದರ ಕೆಳಗಿನದಕ್ಕೆ ಕ್ಲಾಂಪು ಬಿಗಿದು ಕೇಸಿಂಗಿನ ಬಾಯಿಯ ಮೇಲೆ ಕೂರಿಸುತ್ತಾರೆ. ಮೇಲಿನದನ್ನು ಪಾನಾ ಹಾಕಿ ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ಕೊಕ್ಕೆ ಹಾಕುತ್ತಾರೆ. ಇಳಿಸುವಾಗ ಇದೇ ಕೆಲಸ ತಿರುಗುಮುರುಗು. ಕ್ಲಾಂಪು ಜಾರಿದರೆ ಅಷ್ಟೂ ಪೈಪು, ಮೋಟರು ಪಾತಾಳಕ್ಕೆ. ಗಾಡಿಯ ಕಂಬವೋ ಎತ್ತಿದ ಪೈಪೋ ಮೇಲಿನ ವಿದ್ಯುತ್ ತಂತಿಗೆ ತಗುಲಿದರೆ ಕೆಲಸಗಾರರ ಜೀವವೇ ಹೋಗುತ್ತದೆ. ಕಷ್ಟದ, ಕೈಚಳಕದ ಕೆಲಸ. ಇದನ್ನು ಬಲ್ಲವರಿಗೆ ಊರಲ್ಲಿ ಗೌರವವಿದೆ, ಇರಬೇಕು ಕೂಡ.

ನಮ್ಮ ಪ್ರಶ್ನೆ ಇರುವುದು ಕೊನೆಯ ಪೈಪು ಮೇಲೆ ಬಂದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. ಮೋಟರು, ಪೈಪು ಒಳಗಿರುವವರೆಗೆ ಬಾವಿಯ ಬಾಯಿ ಒಂದು ರೀತಿಯಲ್ಲಿ ಮುಚ್ಚಿಯೇ ಇರುತ್ತದೆ. ಅದನ್ನು ಎತ್ತಿದ ಗಳಿಗೆಯಿಂದ ನೂರಾರು ಅಡಿಯ ಗುಂಡಿ ಬಾಯಿ ತೆರೆದು ನಿಲ್ಲುತ್ತದೆ. ಸುಟ್ಟ ಮೋಟರು ವೈಂಡಿಂಗ್ ಅಂಗಡಿ ಸೇರುತ್ತದೆ. ಅಲ್ಲಿ ಸರದಿ ಇದ್ದರೆ ಎರಡು ದಿನ ಹೋಗಿ ವಾರವೂ ಆಗಬಹುದು. ಕೈಯಲ್ಲಿ ಕಾಸಿಲ್ಲದಿದ್ದರೆ ತಿಂಗಳು. ಅಷ್ಟು ದಿನ ಬಾಯಿಗೆ ಒಂದು ಗೊಬ್ಬರದ ಚೀಲ, ಚಪ್ಪಡಿ ಕಲ್ಲು, ಇಲ್ಲವೇ ಜಾಲಿ ಮುಳ್ಳು. ಚೀಲವನ್ನು ಗಾಳಿ ಒಯ್ಯುತ್ತದೆ, ಕಲ್ಲನ್ನು ದನ ಸರಿಸುತ್ತದೆ, ಮುಳ್ಳು ಒಲೆ ಸೇರುತ್ತದೆ.

ಇನ್ನೊಂದು ಇನ್ನೂ ಕೆಟ್ಟದ್ದು. ನೀರು ಬತ್ತಿದ ಬಾವಿಯಿಂದ ಮೋಟರು ಎತ್ತಿ ಹೊಸ ಬಾವಿಗೆ ಬಿಡುತ್ತಾರೆ. ಕೆಲವು ಕಡೆ ಕೇಸಿಂಗ್ ಪೈಪನ್ನೂ ಕಿತ್ತುಕೊಳ್ಳುತ್ತಾರೆ. ಅದಕ್ಕೂ ದುಡ್ಡು ಕೊಟ್ಟಿರುತ್ತಾರಲ್ಲ! ಕೇಸಿಂಗ್ ಹೋದ ಮೇಲೆ ಮೇಲಿನ ಮಣ್ಣು ಸವೆದು ಬಾಯಿ ಇನ್ನೂ ಅಗಲವಾಗುತ್ತದೆ. ಸುತ್ತ ಹುಲ್ಲು ಬೆಳೆದರೆ ಅಲ್ಲೊಂದು ಗುಂಡಿ ಇದೆಯೆಂದೇ ತಿಳಿಯದು.

2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಆರು ವರ್ಷದ ಬಾಲಕಿ ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ತೆಗೆದರು. ಇಡೀ ರಾಜ್ಯ ನಿಟ್ಟುಸಿರು ಬಿಟ್ಟಿತು. ಇವು ಮೋಟರ್ ಎತ್ತಿದ್ದರಿಂದಲೇ ಆದ ಅವಘಡಗಳೆಂದು ನಾವು ಹೇಳುತ್ತಿಲ್ಲ. ತೆರೆದ ಬಾಯಿ ಯಾರು ತೆರೆದದ್ದಾದರೂ ಮಗುವಿಗೆ ಒಂದೇ.

ಕಾನೂನು ಇಲ್ಲವೆಂದಲ್ಲ. 2010ರಲ್ಲಿಯೇ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಮಾರ್ಗಸೂಚಿ ಕೊಟ್ಟಿದೆ. ಕೊರೆಯುವ 15 ದಿನ ಮೊದಲು ಮಾಹಿತಿ ಕೊಡಬೇಕು, ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಇರಬೇಕು, ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಅಥವಾ ನಟ್ಟು ಬೋಲ್ಟಿನ ಗಟ್ಟಿ ಮುಚ್ಚಳ ಹಾಕಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಪಂಪು ರಿಪೇರಿಗೆ ಎತ್ತಿದಾಗಲೂ ಬಾವಿಯನ್ನು ತೆರೆದು ಬಿಡುವಂತಿಲ್ಲ ಎಂದು ಅದರಲ್ಲಿ ಪ್ರತ್ಯೇಕವಾಗಿ ಹೇಳಿದೆ. ನಮ್ಮ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆಯೂ ಇದೆ.

ಹಾಗಾದರೆ ಕೊಂಡಿ ತಪ್ಪಿದ್ದೆಲ್ಲಿ? ರಿಪೇರಿಯ ಹೊತ್ತಿಗೆ ಕೊರೆದವನು ಆಂಧ್ರದಲ್ಲೋ ತಮಿಳುನಾಡಿನಲ್ಲೋ ಇರುತ್ತಾನೆ. ಅಧಿಕಾರಿ ಕಚೇರಿಯಲ್ಲಿರುತ್ತಾರೆ. ರೈತ ಒಣಗುತ್ತಿರುವ ಬೆಳೆಯ ಚಿಂತೆಯಲ್ಲಿ ಮೋಟರ್ ಹಿಂದೆ ಪೇಟೆಗೆ ಓಡುತ್ತಾನೆ. ಬಾಯಿ ತೆರೆಯುವ ಗಳಿಗೆಯಲ್ಲಿ ಬಾವಿಯ ಪಕ್ಕದಲ್ಲಿ ಖಂಡಿತ ಇರುವವರು, ಕೈಯಲ್ಲಿ ಪಾನಾ ಹಿಡಿದಿರುವವರು, ಕೇಸಿಂಗಿನ ಅಳತೆ ಬಲ್ಲವರು ಎತ್ತುವ ಗಾಡಿಯವರು ಮಾತ್ರ. ಮುಚ್ಚಳದ ಜವಾಬ್ದಾರಿಯನ್ನು ಅವರ ಕೆಲಸಕ್ಕೆ ಸೇರಿಸುವುದು ಅದಕ್ಕೇ ಸುಲಭ.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತು. ದಿನಗೂಲಿಗೆ ದುಡಿಯುವ ಹುಡುಗರ ಮೇಲೆ ಇನ್ನೊಂದು ಕಾನೂನು ಹೇರುತ್ತೀರಾ, ಬಾವಿ ಅವರದಲ್ಲವಲ್ಲ ಎನ್ನುತ್ತಾರೆ. ಮಾತು ನ್ಯಾಯವಾದದ್ದೇ. ಹೊಣೆ ಮಾಲೀಕನದೇ, ಖರ್ಚೂ ಅವನದೇ ಇರಲಿ. ಗಾಡಿಯ ಹುಡುಗರಿಗೆ ಶಿಕ್ಷೆ ಬೇಡ. ನಾವು ಕೇಳುವುದು ಇಷ್ಟು: ಗಾಡಿಯಲ್ಲಿ ಕ್ಲಾಂಪು, ಪಾನಾ, ಹಗ್ಗ ಇರುವಂತೆ ಎರಡು ಮೂರು ಅಳತೆಯ ಮುಚ್ಚಳವೂ ಇರಲಿ. ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಸಬಹುದಾದ ಕಬ್ಬಿಣದ ತಟ್ಟೆ, ಕೇಸಿಂಗಿಗೆ ಬಿಗಿಯಲು ಬೋಲ್ಟು. ಮೋಟರ್ ಎತ್ತಿದಾಗ ಬಿಗಿದು ಹೋಗಲಿ, ಇಳಿಸಲು ಬಂದಾಗ ಬಿಚ್ಚಿಕೊಳ್ಳಲಿ. ಬಾಡಿಗೆಯಲ್ಲಿ ಅದರ ಹಣವೂ ಸೇರಿರಲಿ. ನೀರಿಲ್ಲದ ಬಾವಿಯ ಕೇಸಿಂಗ್ ಕೀಳಲು ಕರೆದರೆ, ತುಂಬಲು ಮಣ್ಣು, ಕಲ್ಲು ಪಕ್ಕದಲ್ಲಿ ಬಿದ್ದಿರುವವರೆಗೆ ಹಗ್ಗ ಬಿಚ್ಚದಿರಲಿ.

ಮೊದಲ ಹೆಜ್ಜೆ ಗ್ರಾಮ ಪಂಚಾಯಿತಿಗಳದ್ದು. ಊರಿನ ಕುಡಿಯುವ ನೀರಿನ ಬೋರುಗಳ ಮೋಟರ್ ಎತ್ತಿಸುವುದು ಪಂಚಾಯಿತಿಯೇ, ಬಿಲ್ ಕೊಡುವುದೂ ಪಂಚಾಯಿತಿಯೇ. ಮುಚ್ಚಳ ಬಿಗಿದ ಫೋಟೊ ಇಲ್ಲದೆ ಬಿಲ್ ಪಾಸಾಗದು ಎಂದು ಒಂದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದರೆ ಸಾಕು, ಹೊಸ ಕಾಯ್ದೆ ಬೇಕಿಲ್ಲ. ಪಂಚಾಯಿತಿ ಕೆಲಸಕ್ಕೆಂದು ಗಾಡಿಗೆ ಬಂದ ಮುಚ್ಚಳ ಮರುದಿನ ರೈತನ ಹೊಲಕ್ಕೂ ಹೋಗುತ್ತದೆ. ಊರೂರಿನ ಗಾಡಿಯವರ ಪಟ್ಟಿಯನ್ನೂ ಪಂಚಾಯಿತಿ ಇಟ್ಟುಕೊಂಡರೆ, ತಂತಿಯ ಕೆಳಗೆ ಕೆಲಸವಿದ್ದಾಗ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿಕೊಡಲೂ ಅನುಕೂಲ. ಮಗುವಿನ ಜೀವ ಕಾಯಿರಿ ಎಂದು ಕೇಳುವವರು ಆ ಹುಡುಗರ ಜೀವವನ್ನೂ ಕಾಯಬೇಕಲ್ಲ.

ಬೇಸಿಗೆ ಬಂತೆಂದರೆ ನೀರು ಕೆಳಗಿಳಿಯುತ್ತದೆ, ಮೋಟರ್‌ಗಳು ಸುಡುತ್ತವೆ, ಎತ್ತುವ ಗಾಡಿಗಳಿಗೆ ಬಿಡುವಿರುವುದಿಲ್ಲ. ಅದೇ ಹೊತ್ತಿಗೆ ಶಾಲೆಗೆ ರಜೆ, ಮಕ್ಕಳೆಲ್ಲ ಹೊಲದಲ್ಲಿ. ನಿಮ್ಮ ಹೊಲಕ್ಕೆ ಈ ಸಲ ಗಾಡಿ ಬಂದರೆ ಬಾಡಿಗೆ ಎಷ್ಟೆಂದು ಕೇಳುವ ಮೊದಲು ಮುಚ್ಚಳ ತಂದಿದ್ದೀರಾ ಎಂದು ಕೇಳಿ.