ಉಳಿ ಸಾಲ ತರಬಹುದು, ಕಣ್ಣನ್ನಲ್ಲ

ಹಳೇಬೀಡು ಪಶ್ಚಿಮ ಘಟ್ಟದ ದಟ್ಟ ಕಾಡಿನೊಳಗೆ ಅಡಗಿದೆಯಂತೆ. ಅಲ್ಲಿ ಜಲಪಾತಗಳಿವೆ, ಬೃಹತ್ ವಿಗ್ರಹಗಳಿವೆ, ಊರಿನ ಜನ ಮಾತ್ರ ಇಲ್ಲ. ಹೀಗೆ ತೋರಿಸುವುದು 2017ರಲ್ಲಿ ಬಂದ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಎಂಬ ವಿಡಿಯೋ ಗೇಮ್. ತಯಾರಿಸಿದ್ದು ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಕಂಪೆನಿ. ಹೊಯ್ಸಳ, ಬೇಲೂರು, ಹಳೇಬೀಡು ಎಂಬ ಹೆಸರುಗಳೆಲ್ಲ ನಮ್ಮವೇ. ಆದರೆ ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹತ್ತಿದವರಿಗೆ ಕಾಣುವ ಹಳೇಬೀಡಿನಲ್ಲಿ ಕೆರೆಯಿದೆ, ಹೊಲಗಳಿವೆ, ದುಡಿದು ಬದುಕುವ ಜನರಿದ್ದಾರೆ.

"ನಮ್ಮೂರ ಹೆಸರು ಜಗತ್ತಿಗೆ ಗೊತ್ತಾಯಿತು, ಅಷ್ಟು ಸಾಲದೆ?" ಎನ್ನುವವರಿದ್ದಾರೆ. ಸಾಲದು ಎಂದೇ ನಾವು ಹೇಳುತ್ತೇವೆ.

ಆ ಕಾಡು ಹುಟ್ಟಿದ್ದು ಹಾಸನ ಜಿಲ್ಲೆಯಲ್ಲಲ್ಲ, ಹಾಲಿವುಡ್ಡಿನಲ್ಲಿ. 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಸಿನಿಮಾ ಮತ್ತು ಅರೇಬಿಯನ್ ನೈಟ್ಸ್ ಕಥೆಗಳು 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಆಟಕ್ಕೆ ಪ್ರೇರಣೆಯಾದವು. 1996ರಲ್ಲಿ 'ಟೂಂಬ್ ರೈಡರ್' ಬಂತು. ಅದೇ ನಿಧಿಬೇಟೆಯ ಕಥೆ ಈಗ ಹೊಯ್ಸಳರ ವೇಷ ತೊಟ್ಟಿದೆ.

ಪ್ರಭಾವಕ್ಕೆ ಒಳಗಾಗುವುದು ತಪ್ಪಲ್ಲ. ಹೊಯ್ಸಳ ಶಿಲ್ಪವೂ ಕಲ್ಯಾಣ ಚಾಲುಕ್ಯರ ಪರಂಪರೆಯಿಂದ ಬೆಳೆದದ್ದೇ. ಬಳ್ಳಿಗಾವಿಯ ದಾಸೋಜ ಮತ್ತವನ ಮಗ ಚಾವಣ ಬೇಲೂರಿಗೆ ಬಂದು, ತಮ್ಮ ಕಣ್ಣಿಗೆ ಕಂಡ ಚೆಲುವನ್ನು ಕೆತ್ತಿ, ಕೆಳಗೆ ತಮ್ಮ ಹೆಸರನ್ನೂ ಕೆತ್ತಿದರು.

ಗೇಮ್ ಎಂಜಿನ್ ಎಂಬುದು ಇಂದಿನ ಉಳಿ. ಎಸೆದ ಕಲ್ಲು ಕೆಳಗೆ ಬೀಳಬೇಕು, ಗೋಡೆಗೆ ಬಡಿದವನು ನಿಲ್ಲಬೇಕು, ದೀಪವಿದ್ದಲ್ಲಿ ನೆರಳು ಬೀಳಬೇಕು. ಈ ಲೆಕ್ಕವನ್ನೆಲ್ಲ ಮಾಡಿಕೊಡುವ ತಂತ್ರಾಂಶವದು. ಗೊಡೊ ಎಂಬ ಎಂಜಿನ್ ಪೂರ್ತಿ ಉಚಿತ. ಅನ್‌ರಿಯಲ್ ಎಂಜಿನ್ನನ್ನು ಪುಕ್ಕಟೆ ತಂದು ಕಲಿಯಬಹುದು. ಪುಣೆಯ ನಾಡಿಂಗ್ ಹೆಡ್ಸ್ ತಂಡ ಇದರಲ್ಲೇ 2020ರಲ್ಲಿ 'ರಾಜಿ' ಎಂಬ ಆಟ ಮಾಡಿತು, ಪಹಾಡಿ ಚಿತ್ರಕಲೆಯನ್ನೂ ರಾಜಸ್ಥಾನದ ಕೋಟೆಗಳನ್ನೂ ಅದರೊಳಗೆ ತಂದಿತು.

ಏನನ್ನು ಕೆತ್ತಬೇಕೆಂದು ಮಾತ್ರ ಎಂಜಿನ್ ಹೇಳದು. 2009ರ 'ಮಾಡರ್ನ್ ವಾರ್‌ಫೇರ್ 2' ಆಟದಲ್ಲಿ ಕರಾಚಿಯ ಬೋರ್ಡುಗಳು ಉರ್ದುವಿನ ಬದಲು ಅರಬಿಯಲ್ಲಿದ್ದವು. ಟೆ, ಡಾಲ್ ಅಕ್ಷರಗಳು ಅರಬಿಯಲ್ಲಿಲ್ಲ ಎಂಬುದು ಉರ್ದು ಶಾಲೆಯ ಮಗುವಿಗೂ ತಿಳಿದೀತು. ಆದರೆ ಗುಂಡು ಹಾರಿಸಲೆಂದೇ ಕಟ್ಟಿದ ಊರಿನ ಭಾಷೆ ಯಾರಿಗೆ ಬೇಕಾಗಿದೆ?

ಬೆಂಗಳೂರಿನಲ್ಲಿ ಈ ಕಸುಬು ಹೊಸದೇನಲ್ಲ. 1997ರಲ್ಲೇ ಇಲ್ಲಿ ಗೇಮ್ ತಯಾರಿಗೆ ಇಳಿದ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ವರ್ಷಗಟ್ಟಲೆ ಹೊರದೇಶದ ಆಟಗಳಿಗೆ ಕಾರು, ಕಟ್ಟಡಗಳನ್ನು ರೂಪಿಸಿಕೊಟ್ಟರು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಆ ದುಡಿಮೆಯನ್ನು ನಾವು ಹೀಗಳೆಯುತ್ತಿಲ್ಲ. ಇಷ್ಟು ನುರಿತ ಕೈಗಳು ಪರರ ಕನಸಿಗೆ ಬಣ್ಣ ಬಳಿಯುತ್ತಲೇ ಇರಬೇಕೇ ಎಂಬುದು ನಮ್ಮ ಪ್ರಶ್ನೆ.

ಆಟವೆಂದರೆ ಹಾಳು ಹವ್ಯಾಸವೆಂದು ಗದರುವ ಹಿರಿಯರು ಒಮ್ಮೆ 'ತಿಲಿಸ್ಮೆ ಹೋಶ್‌ರುಬಾ' ತೆರೆದು ನೋಡಲಿ. ಮಾಟದ ಲೋಕಗಳು, ವೇಷ ಮರೆಸುವ ಅಯ್ಯಾರರು, ದಾಟಿದಷ್ಟೂ ಎದುರಾಗುವ ತೊಡಕುಗಳು. ಹುಡುಗರು ಫೋನಿನಲ್ಲಿ ಹುಡುಕುತ್ತಿರುವುದು ಇದನ್ನೇ ಅಲ್ಲವೆ?

2023ರಲ್ಲಿ ಬೇಲೂರು, ಹಳೇಬೀಡು ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆಯ ನಕ್ಷತ್ರಾಕಾರದ ಶಿವಾಲಯವೂ ಅದೇ ಹೊಯ್ಸಳರದು. ಈ ಸೀಮೆಯ ಹುಡುಗ ಹುಡುಗಿಯರು ಎಂಜಿನ್ ಕಲಿಯಲಿ. ಅವರು ಕಟ್ಟುವ ಹಳೇಬೀಡಿನಲ್ಲಿ ಕನ್ನಡವೂ ಉರ್ದುವೂ ಕೇಳಿಸಲಿ, ನಿಧಿಗಳ್ಳರ ಬದಲು ಅಲ್ಲಿನ ಜನ ಓಡಾಡಲಿ. ಕೆಳಗೆ ಅವರ ಹೆಸರೂ ಇರಲಿ.